ಮುಳಬಾಗಿಲಿನ ಶ್ರೀಪಾದರಾಜರು: ಬಾಗಿಲು ಎಷ್ಟು ತೆರೆಯಿತು?

ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟ್ ಮುಗಿಸಿ ವಕ್ಕಲೇರಿಗೆ ಮರಳುವ ಹುಡುಗ ಇಯರ್‌ಫೋನ್ ಸಿಕ್ಕಿಸ್ಕೊಂಡು ಮೆಲೋಡಿಕ್ ಹೌಸ್ ಮಿಕ್ಸ್ ಹಾಕ್ಕೊಳ್ತಾನೆ. ಅದೇ ಬೀಟ್, ಅದೇ ಸಾಲು, ಮತ್ತೆ ಮತ್ತೆ. ಕೇಳ್ತಾ ಕೇಳ್ತಾ ಮನಸ್ಸು ತನ್ನೊಳಗೇ ಇಳಿಯುತ್ತೆ. ಈ ಹೌಸ್ ಸಂಗೀತ ಬೆಳೆದದ್ದು 1977ರಲ್ಲಿ ಶುರುವಾದ ಷಿಕಾಗೋದ ವೇರ್‌ಹೌಸ್ ಕ್ಲಬ್ಬಿನಲ್ಲಿ. ಡಿಜೆ ಫ್ರ್ಯಾಂಕಿ ನಕಲ್ಸ್ ಮುಂದೆ ಕುಣಿದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿಗಳು. ಬೇರೆ ಕಡೆ ಬಾಗಿಲು ಮುಚ್ಚಿಸಿಕೊಂಡವರು.

ನಮ್ಮ ಕೋಲಾರ ಸೀಮೆಯಲ್ಲೂ ಹಾಡಿನ ಬಾಗಿಲು ತೆರೆದವರೊಬ್ಬರಿದ್ದರು. ಮೂಡಲ ಬಾಗಿಲು ಅನ್ನೋ ಹೆಸರೇ ಸವೆದು ಆದ ಊರು ಮುಳಬಾಗಿಲು. 15ನೇ ಶತಮಾನದಲ್ಲಿ ಅಲ್ಲಿನ ಮಾಧ್ವ ಮಠದ ಯತಿಯಾಗಿದ್ದವರು ಶ್ರೀಪಾದರಾಜರು.

ಹುಟ್ಟಿದ್ದು ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿ, ಬಡ ಬ್ರಾಹ್ಮಣ ಮನೆಯಲ್ಲಿ. ದನ ಕಾಯುತ್ತಿದ್ದ ಹುಡುಗನನ್ನು ದಾರಿಯಲ್ಲಿ ಕಂಡ ಯತಿಯೊಬ್ಬರು ಊರು ಇನ್ನೆಷ್ಟು ದೂರ ಅಂತ ಕೇಳಿದರಂತೆ. ಮುಳುಗುವ ಸೂರ್ಯನನ್ನೂ ಇನ್ನೂ ಮೇಯುತ್ತಿರುವ ದನಗಳನ್ನೂ ನೋಡಿ ನೀವೇ ಲೆಕ್ಕ ಹಾಕಿ ಅಂದನಂತೆ ಹುಡುಗ. ಆ ಜಾಣತನವೇ ಅವನನ್ನು ಸನ್ಯಾಸಕ್ಕೆ ಕರೆತಂದಿತು ಅನ್ನುತ್ತೆ ಮಠದ ಕಥೆ.

ಲಕ್ಷ್ಮೀನಾರಾಯಣ ತೀರ್ಥರಾದ ಅವರು ಸಂಸ್ಕೃತದಲ್ಲಿ 'ವಾಗ್ವಜ್ರ' ಎಂಬ ಶಾಸ್ತ್ರಗ್ರಂಥ ಬರೆದರು. ಮುಂದೆ ವಿಜಯನಗರದಲ್ಲಿ ದೊಡ್ಡ ಹೆಸರಾದ ವ್ಯಾಸತೀರ್ಥರು ಓದಿದ್ದು ಇವರ ಬಳಿ. ಅಂಥ ಪಂಡಿತ ರಂಗವಿಠಲ ಅಂಕಿತದಲ್ಲಿ ಕನ್ನಡ ಹಾಡು ಕಟ್ಟಿದರು. ಅವರಿಗೂ ಮುಂಚೆ ನರಹರಿತೀರ್ಥರು ಕನ್ನಡದಲ್ಲಿ ಹಾಡಿದ್ದರು; ಶರಣರಂತೂ 12ನೇ ಶತಮಾನದಲ್ಲೇ ಕನ್ನಡದಲ್ಲಿ ಮಾತಾಡಿದ್ದರು. ಆದ್ರೆ ಸಂಸ್ಕೃತದ ಮಠದೊಳಗೆ ಕನ್ನಡದ ಹಾಡಿಗೆ ಗಟ್ಟಿ ಜಾಗ ಸಿಕ್ಕಿದ್ದು ಶ್ರೀಪಾದರಾಜರಿಂದ. ಭ್ರಮರಗೀತೆಯಲ್ಲಿ ದುಂಬಿಯ ಮುಂದೆ ಗೋಪಿಯರು ತೋಡಿಕೊಳ್ಳೋದು ಅಗಲಿಕೆಯ ನೋವು. ಪಲ್ಲವಿ ತಿರುಗಿ ತಿರುಗಿ ಬರುತ್ತೆ, ಪ್ರತಿ ಸಲ ಇನ್ನಷ್ಟು ಆಳಕ್ಕೆ.

ಹಾಗಂತ ಅವರನ್ನು ಕ್ರಾಂತಿಕಾರಿ ಅಂತ ಕರೆದುಬಿಡೋದು ಸುಲಭದ ಸುಳ್ಳು. ಭಾಷೆಗೆ ಬಾಗಿಲು ತೆರೆಯಿತು, ಜಾತಿಗೆ ತೆರೆಯಲಿಲ್ಲ. ಮುಂದಿನ ತಲೆಮಾರಿನಲ್ಲಿ ಕನಕದಾಸರು ವ್ಯಾಸತೀರ್ಥರ ಶಿಷ್ಯರಾದಾಗ ಮಠದೊಳಗೇ ಎದ್ದ ವಿರೋಧವನ್ನು ಹರಿದಾಸರ ಕಥೆಗಳೇ ಹೇಳ್ತವೆ. ಆದರೂ ಹಾಡು ಕನ್ನಡದಲ್ಲಿತ್ತು, ಹಾಗಾಗಿ ಗೋಡೆ ದಾಟಿತು. ಶಾಸ್ತ್ರ ಓದದವರೂ ಅದನ್ನು ಕಿವಿಯಿಂದಲೇ ಕಲಿತು ತಮ್ಮದಾಗಿಸಿಕೊಳ್ಳಬಹುದಿತ್ತು.

ಮುಳಬಾಗಿಲಿನ ಹೊರಗೆ ನರಸಿಂಹತೀರ್ಥದಲ್ಲಿ ಅವರ ಬೃಂದಾವನ ಇದೆ. ಇವತ್ತು ಹಾಡು ಎಲ್ಲರ ಫೋನಿನಲ್ಲಿದೆ. ಹಾಡು ದಾಟಿದ ಗೋಡೆಯನ್ನು ಮನುಷ್ಯರೆಲ್ಲ ದಾಟಿದ್ದಾರಾ? ರಾತ್ರಿ ಒಬ್ಬರೇ ಕೂತು ಕೇಳುವಾಗ ಈ ಪ್ರಶ್ನೆಯನ್ನೂ ಕೇಳಿಸಿಕೊಳ್ಳೋಣ.