ಹೃದಯದ ದೀಪವನ್ನು ಕಾಯ್ದುಕೊಂಡ ಬಂದಾನವಾಝ್

ಮನುಷ್ಯನ ಹೃದಯದಲ್ಲಿ ಅಲ್ಲಾಹನು ಒಂದು ಬೆಳಕನ್ನು ಇರಿಸುತ್ತಾನೆ ಎಂಬುದು ಸತ್ಯವಿಶ್ವಾಸಿಗಳಿಗೆ ಹೊಸ ಮಾತಲ್ಲ. ಪವಿತ್ರ ಕುರ್‌ಆನಿನ 'ಅನ್ನೂರ್' ಅಧ್ಯಾಯದಲ್ಲಿ ಗೂಡು, ಗಾಜು ಮತ್ತು ದೀಪಗಳ ಉಪಮೆ ಬಂದಿದೆ. ಅನೇಕ ವ್ಯಾಖ್ಯಾನಕಾರರು ಗೂಡನ್ನು ವಿಶ್ವಾಸಿಯ ಎದೆಗೂ ಗಾಜನ್ನು ಅವನ ಹೃದಯಕ್ಕೂ ಹೋಲಿಸಿದ್ದಾರೆ.

ಆದರೆ ಈ ಮಾತನ್ನು ತಪ್ಪಾಗಿ ಅರ್ಥ ಮಾಡಿಕೊಂಡು ದಾರಿ ತಪ್ಪಿದವರೂ ಇದ್ದಾರೆ. ನನ್ನೊಳಗೇ ದೇವನ ಕಿಡಿ ಇದೆ, ಮನಸ್ಸು ಶುದ್ಧವಾಗಿದ್ದರೆ ಸಾಕು, ನಮಾಝ್ ಉಪವಾಸಗಳ ಹಂಗೇಕೆ ಎನ್ನುವವರು ನಮ್ಮ ಊರುಗಳಲ್ಲೂ ಸಿಗುತ್ತಾರೆ. ಇನ್ನೊಂದು ಕಡೆ, ಐದು ಹೊತ್ತಿನ ನಮಾಝ್ ತಪ್ಪಿಸದಿದ್ದರೂ ಅಕ್ಕತಂಗಿಯರ ಪಾಲಿನ ಜಮೀನನ್ನು ನುಂಗಿ, ನೆರೆಯವರೊಡನೆ ಹಗೆ ಕಟ್ಟಿಕೊಂಡು ಬದುಕುವವರೂ ಇದ್ದಾರೆ. ಈ ಎರಡೂ ತಪ್ಪುಗಳಿಂದ ಪಾರಾದ ಬದುಕು ಹೇಗಿರುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕರ್ನಾಟಕದ ಮಣ್ಣಿನಲ್ಲೇ ವಿಶ್ರಮಿಸಿರುವ ಹಝ್ರತ್ ಖ್ವಾಜಾ ಬಂದಾನವಾಝ್ ಗೇಸೂದರಾಝ್ (ರ) ಅವರ ಜೀವನವನ್ನು ನೋಡಿದರೆ ಸಾಕು.

ಬಾಲ್ಯ ಮತ್ತು ಗುರುದರ್ಶನ

ಅವರ ನಿಜನಾಮ ಸಯ್ಯಿದ್ ಮುಹಮ್ಮದ್ ಅಲ್ ಹುಸೈನಿ. ಹಿಜರಿ 721ರಲ್ಲಿ, ಎಂದರೆ ಕ್ರಿ.ಶ. 1321ರಲ್ಲಿ, ದೆಹಲಿಯಲ್ಲಿ ಜನಿಸಿದರು. ತಂದೆ ಸಯ್ಯಿದ್ ಯೂಸುಫ್ ಹುಸೈನಿಯವರು ಹಝ್ರತ್ ನಿಝಾಮುದ್ದೀನ್ ಔಲಿಯಾರ ಅನುಯಾಯಿ. ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕನು ರಾಜಧಾನಿಯನ್ನು ದೌಲತಾಬಾದಿಗೆ ಬದಲಾಯಿಸಿದಾಗ ಅವರ ಕುಟುಂಬವೂ ಅಲ್ಲಿಗೆ ಹೊರಟಿತು. ಬಾಲಕನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಕೆಲವು ವರ್ಷಗಳ ಬಳಿಕ ತಾಯಿ ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಮರಳಿದರು.

ಅಲ್ಲಿ ಹದಿನೈದರ ಹರೆಯದಲ್ಲಿ ಅವರು ಹಝ್ರತ್ ನಸೀರುದ್ದೀನ್ ಮಹ್ಮೂದರ ಶಿಷ್ಯರಾದರು. ಇವರು ನಿಝಾಮುದ್ದೀನ್ ಔಲಿಯಾರ ಉತ್ತರಾಧಿಕಾರಿ. ಜನರು ಇವರನ್ನು ಚಿರಾಗೆ ದೆಹಲಿ, ಅಂದರೆ ದೆಹಲಿಯ ದೀಪ ಎಂದು ಕರೆಯುತ್ತಿದ್ದರು.

ಗುರುವಿನ ಸಾನ್ನಿಧ್ಯದಲ್ಲಿ ಝಿಕ್ರ್ ಮತ್ತು ಧ್ಯಾನದ ಸವಿ ಹತ್ತಿದ ತರುಣನಿಗೆ ಪುಸ್ತಕದ ಓದು ಬೇಡವೆನಿಸಿತು. ಒಳಗಿನ ಬೆಳಕು ಸಿಕ್ಕಿರುವಾಗ ಹೊರಗಿನ ವಿದ್ಯೆ ಏಕೆ ಎಂದುಕೊಂಡು ವ್ಯಾಸಂಗ ನಿಲ್ಲಿಸಲು ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ಧರ್ಮಶಾಸ್ತ್ರದ ಓದನ್ನು ಪೂರ್ತಿ ಮುಗಿಸುವಂತೆ ಆಜ್ಞಾಪಿಸಿದರು. ಶಿಷ್ಯರು ವಿಧೇಯರಾಗಿ ಕಾಝಿ ಅಬ್ದುಲ್ ಮುಕ್ತದಿರ್ ಮೊದಲಾದ ವಿದ್ವಾಂಸರ ಬಳಿ ಕಲಿಕೆ ಮುಂದುವರಿಸಿದರು. ಮುಂದೆ ಅವರು ಮುಗ್ಗರಿಸದೆ ನಡೆದದ್ದಕ್ಕೆ ಬುನಾದಿ ಬಿದ್ದದ್ದು ಇಲ್ಲಿಯೇ ಎನ್ನಬಹುದು.

ಗೇಸೂದರಾಝ್ ಎಂದರೆ ನೀಳಕೇಶದವರು. ಒಮ್ಮೆ ಗುರುಗಳ ಪಲ್ಲಕ್ಕಿಯನ್ನು ಹೊರುವಾಗ ಅವರ ಉದ್ದ ಕೂದಲು ಅದಕ್ಕೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳಿಗೆ ತೊಂದರೆಯಾದೀತೆಂದು ನೋವು ನುಂಗಿಕೊಂಡು ನಡೆದರಂತೆ. ಅಂದಿನಿಂದ ಆ ಹೆಸರು ನಿಂತಿತು ಎಂಬುದು ಹಿಂದಿನಿಂದ ಬಂದ ಕಥನ.

ಸುಮಾರು ನಾಲ್ವತ್ತರ ವಯಸ್ಸಿನಲ್ಲಿ ತಾಯಿಯ ಇಚ್ಛೆಯಂತೆ ವಿವಾಹವಾಗಿ ಸಂಸಾರವನ್ನೂ ನಡೆಸಿದರು. ಹೃದಯವನ್ನು ಬೆಳಗಿಸಿಕೊಳ್ಳಲು ಮನೆಮಠ ಬಿಟ್ಟು ಕಾಡು ಸೇರಬೇಕಾಗಿಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಬೆಳಕು ಯಾರದು?

1356ರಲ್ಲಿ ಗುರುಗಳು ನಿಧನರಾದ ಮೇಲೆ ನಾಲ್ಕು ದಶಕಗಳ ಕಾಲ ಅವರು ದೆಹಲಿಯಲ್ಲಿ ಜನರಿಗೆ ದಾರಿ ತೋರಿದರು. ಅರಬಿ, ಫಾರ್ಸಿಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿದರು. ಕುರ್‌ಆನಿಗೆ ವ್ಯಾಖ್ಯಾನ ಬರೆದರು. 'ಅಸ್ಮಾರುಲ್ ಅಸ್ರಾರ್' ಎಂಬ ಅವರ ಗ್ರಂಥವು ಆಂತರಿಕ ರಹಸ್ಯಗಳನ್ನು ಕುರಿತದ್ದು.

ಆ ಕಾಲದಲ್ಲಿ ಸೂಫಿಗಳ ನಡುವೆ ದೊಡ್ಡ ಚರ್ಚೆಯೊಂದು ನಡೆದಿತ್ತು. ಸ್ಪೇನಿನಲ್ಲಿ ಹುಟ್ಟಿದ ಇಬ್ನ್ ಅರಬಿಯವರ ಬರಹಗಳನ್ನು ಹಿಡಿದು, ಇರುವುದೆಲ್ಲ ಒಂದೇ ಎಂಬ ವಹ್ದತುಲ್ ವುಜೂದಿನ ತತ್ವವನ್ನು ಅನೇಕರು ಸಾರುತ್ತಿದ್ದರು. ಅದನ್ನು ಅರೆಬರೆ ತಿಳಿದವರು ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಿನ ಗೆರೆಯನ್ನೇ ಅಳಿಸಿಬಿಡುವ ಅಪಾಯವಿತ್ತು. ಖ್ವಾಜಾರವರು ಈ ತತ್ವವನ್ನು ನಿಷ್ಠುರವಾಗಿ ಟೀಕಿಸಿದರು. ಆಂತರಿಕ ಅನುಭವ ಎಷ್ಟೇ ಎತ್ತರಕ್ಕೆ ಹೋದರೂ ದಾಸನು ದಾಸನೇ, ಒಡೆಯನು ಒಡೆಯನೇ ಎಂಬ ನಿಲುವನ್ನು ಅವರು ಬಿಡಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಆತ್ಮವು ಅಲ್ಲಾಹನ ಆಜ್ಞೆಯಿಂದ ಬಂದದ್ದು. ಅದು ಅವನ ತುಂಡಲ್ಲ. ಅವನು ಏಕೈಕನು, ಅವನಲ್ಲಿ ಪಾಲುಗಳಿಲ್ಲ. ಕನ್ನಡಿಯಲ್ಲಿ ಸೂರ್ಯ ಹೊಳೆದಾಗ ಕನ್ನಡಿ ಸೂರ್ಯನಾಗುವುದಿಲ್ಲ, ಸೂರ್ಯನ ಚೂರೊಂದು ಅದರೊಳಗೆ ಇಳಿದಿರುವುದೂ ಇಲ್ಲ. ಇಮಾಮ್ ಗಝ್ಝಾಲಿಯವರೂ ಹೃದಯವನ್ನು ಕನ್ನಡಿಗೆ ಹೋಲಿಸಿದ್ದಾರೆ. ಬೆಳಕು ಅಲ್ಲಾಹನ ಕೊಡುಗೆ, ಒರೆಸಿ ಇಟ್ಟುಕೊಳ್ಳುವುದು ನಮ್ಮ ಕೆಲಸ. ಪಾಪ ಮಾಡುತ್ತ ಹೋದಂತೆ ಹೃದಯಕ್ಕೆ ತುಕ್ಕು ಹಿಡಿಯುತ್ತದೆಂದು ಕುರ್‌ಆನ್ ನಮ್ಮನ್ನು ಎಚ್ಚರಿಸಿದೆ.

ಕರೆಂಟು ಬರುವ ಮೊದಲು ನಮ್ಮ ಮನೆಗಳಲ್ಲಿ ಪ್ರತಿ ಸಂಜೆ ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ಒಂದು ದಿನ ಬಿಟ್ಟರೂ ಮಸಿ ಕಟ್ಟುತ್ತಿತ್ತು. ನಮಾಝ್, ಝಿಕ್ರ್, ತೌಬಾ, ಹಲಾಲ್ ಸಂಪಾದನೆ, ಜನರೊಡನೆ ಸದ್ವರ್ತನೆ ಇವೆಲ್ಲ ಆ ದಿನನಿತ್ಯದ ಉಜ್ಜುವಿಕೆ. ಒಳಗೆ ದೀಪ ಉರಿಯುತ್ತಿದೆಯೆಂದು ಗಾಜನ್ನು ಉಜ್ಜದೆ ಬಿಟ್ಟವನ ಮನೆ ಕತ್ತಲೆಯಾಗುತ್ತದೆ. ಎಣ್ಣೆಯಿಲ್ಲದ ಲಾಟೀನಿನ ಗಾಜನ್ನು ಎಷ್ಟು ಉಜ್ಜಿದರೂ ಬೆಳಕು ಬರುವುದಿಲ್ಲ.

ಕಲಬುರಗಿಯಲ್ಲಿ ಪರೀಕ್ಷೆ

1398ರ ಡಿಸೆಂಬರಿನಲ್ಲಿ ತೈಮೂರನ ಸೈನ್ಯ ದೆಹಲಿಯ ಮೇಲೆ ಬಿದ್ದಾಗ ಖ್ವಾಜಾರವರು ಕುಟುಂಬ ಮತ್ತು ಶಿಷ್ಯರೊಂದಿಗೆ ನಗರ ತೊರೆದರು. ಆಗ ಅವರಿಗೆ ಎಂಬತ್ತರ ಆಸುಪಾಸು. ಗ್ವಾಲಿಯರ್, ಗುಜರಾತ್ ಮಾರ್ಗವಾಗಿ ದೌಲತಾಬಾದಿಗೆ ಬಂದು, ತಂದೆಯ ಸಮಾಧಿಯನ್ನು ಸಂದರ್ಶಿಸಿ, ಕೊನೆಗೆ ಬಹಮನಿ ರಾಜಧಾನಿಯಾಗಿದ್ದ ಕಲಬುರಗಿಯಲ್ಲಿ ನೆಲೆಸಿದರು. ಸುಲ್ತಾನ್ ಫಿರೋಝ್ ಷಾ ಗೌರವದಿಂದ ಸ್ವಾಗತಿಸಿದನು.

ಆದರೆ ಈ ಸ್ನೇಹ ಬಹುಕಾಲ ಉಳಿಯಲಿಲ್ಲ. ಇತಿಹಾಸಕಾರ ಫರಿಶ್ತಾ ತಿಳಿಸುವಂತೆ, ಸುಲ್ತಾನನು ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯಾಗಿ ಹರಸಬೇಕೆಂದು ಕೋರಿದಾಗ ಖ್ವಾಜಾರವರು ಒಪ್ಪಲಿಲ್ಲ. ಸಿಂಹಾಸನ ಸುಲ್ತಾನನ ತಮ್ಮ ಅಹ್ಮದನಿಗೆ ಸಲ್ಲುವುದೆಂದು ತಿಳಿಸಿದರು. ಕೋಪಗೊಂಡ ಸುಲ್ತಾನನು, ಕೋಟೆಯ ಬಳಿ ಜನಜಂಗುಳಿ ಹೆಚ್ಚಾಯಿತೆಂಬ ನೆಪದಿಂದ ಖಾನ್‌ಕಾಹ್ ತೆರವು ಮಾಡಲು ಹೇಳಿದನು. ಅವರು ಊರ ಹೊರಗಿನ ಜಾಗಕ್ಕೆ ಹೋಗಿ ನೆಲೆಸಿದರು. ಇಂದಿನ ದರ್ಗಾ ಇರುವುದು ಅಲ್ಲಿಯೇ. ದೊರೆಯನ್ನು ಮೆಚ್ಚಿಸಲು ಒಂದು ಮಾತು ಸಾಕಿತ್ತು. ಆದರೆ ಅಲ್ಲಾಹನ ಭಯ ಮನೆಮಾಡಿದ ಹೃದಯದಲ್ಲಿ ಅರಸನ ಭಯಕ್ಕೆ ಎಡೆಯೆಲ್ಲಿ?

ಹಿರಿಯ ಮಗ ಸಯ್ಯಿದ್ ಅಕ್ಬರ್ ಹುಸೈನಿ ವಿದ್ವಾಂಸರು. ತಂದೆಯ ಮಾತುಗಳನ್ನು 'ಜವಾಮಿಉಲ್ ಕಲಿಮ್' ಎಂಬ ಗ್ರಂಥದಲ್ಲಿ ದಾಖಲಿಸಿದವರು. ಅಂತಹ ಮಗ ತಂದೆಯ ಕಣ್ಣೆದುರೇ ತೀರಿಕೊಂಡರು. ವೃದ್ಧ ತಂದೆ ಆ ದುಃಖವನ್ನೂ ಸಹಿಸಿಕೊಂಡರು.

ದಖ್ಖನಿನ ಸೂಫಿಗಳು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗಾಗಿ 'ಚಕ್ಕಿನಾಮಾ' ಎಂಬ ದಖ್ಖನಿ ಹಾಡುಗಳನ್ನು ಕಟ್ಟಿದರು. ಖ್ವಾಜಾರವರ ಹೆಸರಿನಲ್ಲೂ ಒಂದು ಪ್ರಚಾರದಲ್ಲಿದೆ; ಅದು ಅವರದೇ ಎಂಬುದನ್ನು ಎಲ್ಲ ಸಂಶೋಧಕರು ಒಪ್ಪುವುದಿಲ್ಲ. ಆದರೂ ಹಿಟ್ಟು ಬೀಸುವ ಕೈಯ ಜೊತೆ ಅಲ್ಲಾಹನ ಸ್ಮರಣೆ ಮಾಡುವ ನಾಲಿಗೆ ಮನೆಗೆಲಸವನ್ನೇ ಆರಾಧನೆಯಾಗಿಸುತ್ತದೆ ಎಂಬ ಪಾಠ ನಮ್ಮ ತಾಯಂದಿರಿಗೆ, ಸೋದರಿಯರಿಗೆ ಎಂದಿಗೂ ಬೇಕಾದದ್ದು.

1422ರಲ್ಲಿ ಅಹ್ಮದ್ ಷಾ ಸುಲ್ತಾನನಾದನು. ಅದೇ ವರ್ಷ ನವೆಂಬರ್ 1ರಂದು, ಹಿಜರಿ 825ರ ಝುಲ್ ಕಅದ 16ರಂದು, ಖ್ವಾಜಾರವರು ಇಹಲೋಕ ತ್ಯಜಿಸಿದರು. ಚಾಂದ್ರಮಾನದ ಪ್ರಕಾರ ಅವರಿಗೆ 104 ವರ್ಷ ತುಂಬಿತ್ತು. ಅಹ್ಮದ್ ಷಾ ಅವರ ಸಮಾಧಿಯ ಮೇಲೆ ಭವ್ಯ ಗುಂಬಜ್ ಕಟ್ಟಿಸಿದನು. 2018ರಲ್ಲಿ ಅವರ ಹೆಸರಿನಲ್ಲಿ ಕಲಬುರಗಿಯಲ್ಲಿ ವಿಶ್ವವಿದ್ಯಾಲಯವೂ ಸ್ಥಾಪನೆಯಾಗಿದೆ.

ಪ್ರಿಯ ಓದುಗರೇ, ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯಿಂದ ಕಲಬುರಗಿ ಬಹಳ ದೂರ. ಆದರೆ ಅಲ್ಲಿಗೆ ಹೋಗಿಬಂದವರ ಮತ್ತು ಹೋಗದವರ ಮುಂದೆ ಇರುವ ಪ್ರಶ್ನೆ ಒಂದೇ. ಇಂದು ರಾತ್ರಿ ಮಲಗುವ ಮುನ್ನ ನಮ್ಮ ಹೃದಯದ ಗಾಜನ್ನು ನೋಡಿಕೊಂಡಿದ್ದೇವೆಯೇ? ಬಿಟ್ಟುಹೋದ ನಮಾಝ್ ಇದೆಯೇ? ಕೊಡಬೇಕಾದ ಪಾಲು ಬಾಕಿ ಇದೆಯೇ? ಮುರಿದುಕೊಂಡ ನಂಟು ಇದೆಯೇ? ಔಲಿಯಾಗಳ ಮೇಲಿನ ಪ್ರೀತಿ ಅವರ ನಡತೆಯನ್ನು ಅನುಸರಿಸುವುದರಲ್ಲಿ ಕಾಣಬೇಕು.

ಅಲ್ಲಾಹನು ನಮ್ಮ ಹೃದಯಗಳನ್ನು ತನ್ನ ಪ್ರಕಾಶದಿಂದ ಬೆಳಗಲಿ. ಆ ಬೆಳಕನ್ನು ಕಾಯ್ದುಕೊಳ್ಳುವ ಸದ್ಬುದ್ಧಿಯನ್ನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.