ವಿಶ್ವೇಶ್ವರಯ್ಯನವರು ಜಪಾನಿನಲ್ಲಿ ಕಂಡದ್ದು

ಪೀಣ್ಯ, ವೈಟ್‌ಫೀಲ್ಡ್‌ಗಳ ಎಂಜಿನಿಯರುಗಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಯ ಶಿಲ್ಪಿಯಾಗಿ ಪರಿಚಿತರು. ದೇಶದೇಶಗಳ ಶಿಕ್ಷಣವನ್ನು ತೂಗಿ ನೋಡಿದವರೆಂಬುದನ್ನು ನೆನೆಯುವವರು ಕಡಿಮೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಓದಿದ ಅವರು 1898ರಲ್ಲಿ ಜಪಾನಿಗೆ ಹೋದಾಗ ಕೈಗಾರಿಕೆಗಳಷ್ಟೇ ಆಸ್ಥೆಯಿಂದ ಶಿಕ್ಷಣವನ್ನೂ ಗಮನಿಸಿದರು. ಆ ದೇಶದ ಏಳಿಗೆಯ ಬೇರು ಶಾಲೆಯಲ್ಲಿದೆಯೆಂದು ಮನಗಂಡರು. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ ಈ ಅರಿವು ಆಡಳಿತಕ್ಕಿಳಿಯಿತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. 1962ರಲ್ಲಿ ಅವರು ನಿಧನರಾದರು. ಶಾಲೆ ಮೊದಲು, ಕಾಲೇಜು ಆಮೇಲೆ ಎಂಬ ಆ ಕ್ರಮ ಮಾತ್ರ ಇಂದಿಗೂ ಪ್ರಸ್ತುತ. ಎಲೆಕ್ಟ್ರಾನಿಕ್ ಸಿಟಿಯನ್ನು ಹೊರದೇಶಗಳಿಗೆ ಹೋಲಿಸುವ ಮುನ್ನ, ಅದರ ಕಟ್ಟಡ ಕಾರ್ಮಿಕರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂದು ಕೇಳಿಕೊಳ್ಳಬೇಕು.