ಭೂಸಂರಕ್ಷಕ ಹ್ಯೂ ಬೆನೆಟ್

ಬೇಸಿಗೆಯ ರಜೆಯನ್ನು ಊರಿನಲ್ಲಿ ಕಳೆದು ನಗರಕ್ಕೆ ಹಿಂದಿರುಗುವಾಗ, ಮೊದಲ ಮಳೆಗೆ ಕೆಂಪಾಗಿ ಹರಿಯುವ ಹೊಳೆಯನ್ನು ರೈಲಿನ ಕಿಟಕಿಯಿಂದ ಕಂಡು ನಾವು ಸಂತೋಷಪಡುತ್ತೇವೆ. ಆದರೆ ಆ ಬಣ್ಣವು ಹೊಳೆಯದಲ್ಲ. ಯಾವನೋ ರೈತನ ಹೊಲದ ಸಾರವತ್ತಾದ ಮಣ್ಣಿನದು. ಈ ನಷ್ಟವನ್ನು ಜನರಿಗೆ ತೋರಿಸಿಕೊಟ್ಟು, ಅದನ್ನು ತಡೆಯಲು ಬಾಳನ್ನೇ ಮುಡಿಪಾಗಿಟ್ಟ ಮಹನೀಯರಲ್ಲಿ ಅಮೆರಿಕದ ಹ್ಯೂ ಹ್ಯಾಮಂಡ್ ಬೆನೆಟ್ಟರು ಅಗ್ರಗಣ್ಯರು.

ಬೆನೆಟ್ಟರು 1881ನೆಯ ಇಸವಿ ಏಪ್ರಿಲ್ 15ರಂದು ಉತ್ತರ ಕೆರೊಲೈನಾದ ಆನ್ಸನ್ ಜಿಲ್ಲೆಯ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆಯು ಇಳಿಜಾರಿನ ಹೊಲಕ್ಕೆ ಅಡ್ಡಲಾಗಿ ಬದುಗಳನ್ನು ಹಾಕುವಾಗ ಬಾಲಕನೂ ನೆರವಾಗುತ್ತಿದ್ದನು. ಇಷ್ಟು ಶ್ರಮವೇಕೆಂದು ಒಮ್ಮೆ ಕೇಳಲು, ಭೂಮಿಯು ಕೊಚ್ಚಿಹೋಗದಿರಲೆಂದು ತಂದೆ ಉತ್ತರವಿತ್ತರಂತೆ. ಆ ಮಾತು ಮಗನ ಮನಸ್ಸಿನಲ್ಲಿ ನಾಟಿತು.

1903ರಲ್ಲಿ ಉತ್ತರ ಕೆರೊಲೈನಾ ವಿಶ್ವವಿದ್ಯಾನಿಲಯದ ಪದವೀಧರರಾಗಿ ಅವರು ಕೇಂದ್ರ ಸರಕಾರದ ಮಣ್ಣಿನ ಇಲಾಖೆಯನ್ನು ಸೇರಿದರು. 1905ರಲ್ಲಿ ವರ್ಜೀನಿಯದ ಲೂಯಿಸಾ ಜಿಲ್ಲೆಯನ್ನು ಪರೀಕ್ಷಿಸುತ್ತಿರುವಾಗ ಒಂದು ದೃಶ್ಯವು ಅವರ ಕಣ್ಣು ತೆರೆಯಿಸಿತು. ಒಂದೇ ಇಳಿಜಾರಿನಲ್ಲಿ ಅಕ್ಕಪಕ್ಕದಲ್ಲಿ ಎರಡು ಭೂಮಿಗಳಿದ್ದವು. ಮರಗಳ ನೆರಳಿನಲ್ಲಿದ್ದ ಮಣ್ಣು ಮೃದುವಾಗಿ, ತೇವದಿಂದ ಕೂಡಿತ್ತು. ಬಹುಕಾಲ ಉತ್ತಿದ್ದ ಮಣ್ಣು ಗಟ್ಟಿ ಜೇಡಿಯಾಗಿ ಬರಡಾಗಿತ್ತು. ಮೂಲದಲ್ಲಿ ಎರಡೂ ಒಂದೇ. ಪ್ರತಿ ಮಳೆಯೂ ಉತ್ತ ನೆಲದಿಂದ ಕಾಗದದಷ್ಟು ತೆಳುವಾದ ಪದರವನ್ನು ತೊಳೆದೊಯ್ದಿತ್ತು. ಕೊರಕಲು ಬಿದ್ದರೆ ರೈತನು ಎಚ್ಚರಗೊಳ್ಳುತ್ತಾನೆ. ಈ ಪದರ ಸವಕಳಿಯಾದರೋ ಕಣ್ಣಿಗೆ ಕಾಣದೆಯೇ ಹೊಲವನ್ನು ನುಂಗುತ್ತದೆ.

ಈ ಸತ್ಯವನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಮಣ್ಣು ಎಂದಿಗೂ ನಾಶವಾಗದ ಸಂಪತ್ತೆಂದು ಅವರ ಇಲಾಖೆಯೇ 1909ರಲ್ಲಿ ಪ್ರಕಟಪಡಿಸಿತು. ತಮಗೆ ಅನ್ನವೀಯುವ ಕಚೇರಿಯ ಅಭಿಪ್ರಾಯಕ್ಕೆ ವಿರುದ್ಧವಾಗಿ ನಿಲ್ಲಬೇಕಾದರೂ ಬೆನೆಟ್ಟರು ಹಿಂಜರಿಯಲಿಲ್ಲ. ಊರೂರು ಸುತ್ತಿ ಆಧಾರಗಳನ್ನು ಕಲೆಹಾಕಿದರು, ಲೇಖನಗಳನ್ನು ಬರೆದರು. 1928ರಲ್ಲಿ, ಭೂಸವಕಳಿಯು ರಾಷ್ಟ್ರಕ್ಕೇ ಒದಗಿದ ವಿಪತ್ತೆಂದು ಸಾರುವ ಅವರ ಪುಸ್ತಿಕೆಯು ಸಹೋದ್ಯೋಗಿಯೊಬ್ಬರ ಸಹಕಾರದಿಂದ ಹೊರಬಂದಿತು. ಮರುವರ್ಷ ಶಾಸನಸಭೆಯು ಸಂಶೋಧನೆಗಾಗಿ 1,60,000 ಡಾಲರುಗಳನ್ನು ಮಂಜೂರು ಮಾಡಿತು. ಪ್ರಯೋಗಕ್ಷೇತ್ರಗಳಲ್ಲಿ ಇಳಿಜಾರಿನ ಪಟ್ಟಿಗಳ ಕೆಳಗೆ ತೊಟ್ಟಿಗಳನ್ನಿರಿಸಿ, ಹರಿದುಬಂದ ನೀರನ್ನೂ ಮಣ್ಣನ್ನೂ ಅಳೆದರು. ಹುಲ್ಲು ಹೊದ್ದ ನೆಲವು ಅತ್ಯಲ್ಪ ಮಣ್ಣನ್ನು ಮಾತ್ರ ಕಳೆದುಕೊಳ್ಳುತ್ತದೆಂಬುದು ಲೆಕ್ಕದಿಂದಲೇ ಸಿದ್ಧವಾಯಿತು.

1933ರಲ್ಲಿ ಬೆನೆಟ್ಟರು ಹೊಸ ಭೂಸವಕಳಿ ನಿವಾರಣಾ ಸಂಸ್ಥೆಯ ಮುಖ್ಯಸ್ಥರಾದರು. ಅವರ ಪ್ರಥಮ ಕಾರ್ಯಕ್ಷೇತ್ರವು ವಿಸ್ಕಾನ್ಸಿನ್ ಪ್ರಾಂತದ ಕೂನ್ ಕ್ರೀಕ್ ಎಂಬ ತೊರೆಯ ಕಣಿವೆ. ಸುಮಾರು 90,000 ಎಕರೆಗಳ ಆ ಜಲಾನಯನ ಪ್ರದೇಶದಲ್ಲಿ ಬೆಟ್ಟದ ಮೇಲಿನ ಮಣ್ಣು ಕೊಚ್ಚಿಬಂದು ಕಣಿವೆಯನ್ನು ಹೂಳುತ್ತಿತ್ತು. ನೆರೆಯು ಪದೇ ಪದೇ ಬರುತ್ತಿತ್ತು. ಬೆನೆಟ್ಟರ ಸಹಾಯಕರು ಇಳಿಜಾರಿಗೆ ಅಡ್ಡವಾಗಿ ಉಳುವುದನ್ನು ಕಲಿಸಿದರು. ಧಾನ್ಯದ ಪಟ್ಟಿಯ ಪಕ್ಕಕ್ಕೆ ಹುಲ್ಲಿನ ಪಟ್ಟಿಯನ್ನು ಬೆಳೆಸಿದರು. ಕಡಿದಾದ ನೆಲವನ್ನು ದನಗಳಿಂದ ರಕ್ಷಿಸಿ ಕಾಡಿಗೆ ಬಿಟ್ಟರು. ಬೆಟ್ಟದ ನೆತ್ತಿಯಿಂದ ತೊರೆಯ ದಡದವರೆಗೆ ಎಲ್ಲವನ್ನೂ ಒಂದಾಗಿ ನೋಡಬೇಕೆಂಬುದೇ ಅವರ ತತ್ತ್ವ. 1999ರಲ್ಲಿ ಪ್ರಕಟವಾದ ಅಧ್ಯಯನದಂತೆ, ಆ ಕಣಿವೆಯಲ್ಲಿ ಹೂಳು ತುಂಬುವ ವೇಗವು 1930ರ ದಶಕದಲ್ಲಿದ್ದುದರ ಹತ್ತನೆಯ ಒಂದು ಪಾಲಿಗಿಂತಲೂ ಇಳಿದಿತ್ತು.

1935ರಲ್ಲಿ ಬೆನೆಟ್ಟರು ಸೆನೆಟ್ ಸಮಿತಿಯ ಮುಂದೆ ತಮ್ಮ ವಾದವನ್ನು ಮಂಡಿಸಬೇಕಾಯಿತು. ಪಶ್ಚಿಮದ ಬಯಲುಗಳಲ್ಲಿ ಎದ್ದ ಧೂಳು ರಾಜಧಾನಿಯ ಕಡೆಗೆ ಬರುತ್ತಿರುವ ವರ್ತಮಾನವು ಅವರಿಗೆ ಮೊದಲೇ ತಲುಪಿತ್ತು. ಬೇಕೆಂದೇ ಅವರು ತಮ್ಮ ವಿವರಣೆಯನ್ನು ಲಂಬಿಸಿದರು. ಸ್ವಲ್ಪ ಹೊತ್ತಿನಲ್ಲಿ ಆಕಾಶವು ಮಬ್ಬಾಯಿತು. ಸದಸ್ಯರು ಎದ್ದು ಕಿಟಕಿಯ ಬಳಿಗೆ ಹೋಗಿ ನೋಡಿದರು. ಮೂವತ್ತು ವರ್ಷಗಳಿಂದ ಬೆನೆಟ್ಟರು ಹೇಳುತ್ತಿದ್ದುದನ್ನು ಧೂಳೇ ಬಂದು ಹೇಳಿತು. ಏಪ್ರಿಲ್ 27ರಂದು ಭೂಸಂರಕ್ಷಣಾ ಶಾಸನವು ಜಾರಿಗೆ ಬಂದಿತು. ಹೊಸ ಭೂಸಂರಕ್ಷಣಾ ಇಲಾಖೆಯನ್ನು ಬೆನೆಟ್ಟರು 1951ರವರೆಗೆ ನಡೆಸಿದರು. ರೈತರೇ ಕೂಡಿ ನಡೆಸುವ ಭೂಸಂರಕ್ಷಣಾ ಮಂಡಲಗಳಲ್ಲಿ ಮೊದಲನೆಯದು 1937ರಲ್ಲಿ ಅವರ ಹುಟ್ಟೂರಿನ ಸೀಮೆಯಲ್ಲಿಯೇ ಸ್ಥಾಪಿತವಾಯಿತು. ತಂದೆಯು ಬದು ಹಾಕಿದ ಹೊಲವೂ ಅದರೊಳಗೆ ಸೇರಿತು.

1960ರ ಜುಲೈ 7ರಂದು ಬೆನೆಟ್ಟರು ದಿವಂಗತರಾದರು. ನಮ್ಮ ಬಳ್ಳಾರಿಯಲ್ಲಿಯೂ ಭೂಸಂರಕ್ಷಣಾ ಸಂಶೋಧನ ಕೇಂದ್ರವು 1954ರಲ್ಲಿ ಆರಂಭವಾಯಿತು. ವಿದ್ಯಾರ್ಥಿಗಳೇ, ಮುಂದಿನ ಮಳೆಯಲ್ಲಿ ಶಾಲೆಯ ಅಂಗಳವನ್ನು ಗಮನಿಸಿರಿ. ಹುಲ್ಲಿರುವ ಕಡೆಯಿಂದ ಬರುವ ನೀರಿನ ಬಣ್ಣವೇನು, ಬರಿಯ ನೆಲದಿಂದ ಬರುವ ನೀರಿನ ಬಣ್ಣವೇನು ಎಂದು ಹೋಲಿಸಿ ನೋಡಿರಿ. ಬೆನೆಟ್ಟರು ಲೂಯಿಸಾ ಜಿಲ್ಲೆಯಲ್ಲಿ ಕಂಡುದನ್ನು ನೀವೂ ಕಾಣುವಿರಿ.